ಗಾಳಿ ನೋಡಿ ಕಡಲು ಆರಿಸಿದ್ದು

2025ರ ಜನವರಿ ಮೊದಲ ವಾರ. ಕಣದ ತುಂಬಾ ಕಾಫಿ ಹರಡಿತ್ತು. ನಮ್ಮ ತೋಟದಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಎರಡೇ ಕಡೆ. ಒಂದು ಕಣದ ಮೂಲೆ, ಇನ್ನೊಂದು ಕೊಟ್ಟಿಗೆಯ ಹಿಂಬದಿ. ನಾನು ಕಣದ ಮೂಲೆಯಲ್ಲಿದ್ದೆ. ಜರ್ಮನಿಯ ಮ್ಯೂನಿಕ್‌ನಿಂದ ಮಗಳ ಫೋನ್ ಬಂತು.

"ಅಮ್ಮಾ, ಈ ಸಲ ಬೇಸಿಗೆಗೆ ನೀನೂ ಅಪ್ಪನೂ ಬರಲೇಬೇಕು. ನಿಮ್ಮ ಮದುವೆಗೆ 35 ವರ್ಷ ತುಂಬುತ್ತೆ. ಮೆಡಿಟರೇನಿಯನ್‌ನಲ್ಲಿ ಒಂದು ವಾರ ಹಾಯಿದೋಣಿ ಬಾಡಿಗೆಗೆ ತಗೊಳ್ಳೋಣ. ಯಾವ ಕಡೆ ಅಂತ ನೀವೇ ಹೇಳಿ."

ಬೇಸಿಗೆ ಎಂದರೆ ಅವಳ ಬೇಸಿಗೆ. ಜೂನ್, ಜುಲೈ, ಆಗಸ್ಟ್. ನಮಗೆ ಅದು ಮಳೆಗಾಲ. ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಪುಷ್ಪಗಿರಿ ಮೋಡದಲ್ಲಿ ಮುಚ್ಚಿತು ಎಂದರೆ ಅರ್ಧ ಗಂಟೆಯಲ್ಲಿ ನಮ್ಮ ಅಂಗಳದಲ್ಲಿ ನೀರು.

ಇವರಿಗೆ ಹೇಳಿದೆ. ನಕ್ಕು ಸುಮ್ನಾಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ಕಾಫಿಗೆ ಇಂಥ ರೇಟು ನಾನು ಕಂಡಿಲ್ಲ. ಈಗ ಹೋಗದಿದ್ದರೆ ಇನ್ಯಾವಾಗ ಹೋಗೋದು?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅಕ್ಕನನ್ನೂ ಕರ್ಕೊಂಡು ಹೋಗೋಣ" ಎಂದರು.

ಅಕ್ಕ ಎಂದರೆ ನನ್ನ ಅತ್ತಿಗೆ. 68 ವರ್ಷ. ಎರಡೂ ಮಂಡಿ ನೋವು. ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ನಾನು ಮಾಡಿದ ಮೊದಲ ತಪ್ಪು ಬೆಂಗಳೂರಿನ ಒಂದು ಟ್ರಾವೆಲ್ ಏಜೆನ್ಸಿಗೆ ಫೋನ್ ಮಾಡಿದ್ದು. "ಮೆಡಿಟರೇನಿಯನ್ ಕ್ರೂಸ್ ಬೇಕು" ಎಂದೆ. ಮರುದಿನ ವಾಟ್ಸಾಪ್‌ನಲ್ಲಿ ಫೋಟೋಗಳು ಬಂದವು. ಹದಿನೈದು ಅಂತಸ್ತಿನ ಹಡಗು. ಮೇಲೆ ಈಜುಕೊಳ, ಒಳಗೆ ಅಂಗಡಿ ಸಾಲು, ಸಾವಿರಾರು ಜನ. ಬಾರ್ಸಿಲೋನಾ, ಮಾರ್ಸೇ, ರೋಮ್ ಎಂದು ದಿನಕ್ಕೊಂದು ಊರು. ಅದು ತೇಲುವ ಮಾಲ್. ಬೇಡ, ಹಾಯಿ ಇರುವ ಸಣ್ಣ ದೋಣಿ ಬೇಕು ಎಂದು ಬಿಡಿಸಿ ಹೇಳಿದೆ. ಆಗ ಆ ಹುಡುಗ ಇನ್ನೊಂದು ಪ್ಲಾನ್ ಕಳಿಸಿದ. ಅಥೆನ್ಸ್‌ನಿಂದ ಹೊರಟು ಗ್ರೀಸಿನ ದ್ವೀಪಗಳಾದ ಮಿಕೊನೋಸ್, ಸ್ಯಾಂಟೊರಿನಿ ನೋಡಿ ಆರನೇ ದಿನ ವಾಪಸ್ ಅಥೆನ್ಸ್, ಎಲ್ಲವೂ ಹಾಯಿದೋಣಿಯಲ್ಲಿ.

ಅದನ್ನು ಅಳಿಯನಿಗೆ ಕಳಿಸಿದೆ. ಅವರು ಅಲ್ಲಿನ ಕೀಮ್‌ಸೇ ಕೆರೆಯಲ್ಲಿ ಹಾಯಿ ಬಿಡುವುದು ಕಲಿತವರು. ಜೋರಾಗಿ ನಕ್ಕರು. "ಅತ್ತೆ, ಹಾಯಿದೋಣಿಯ ವೇಗ ಎಷ್ಟು ಗೊತ್ತಾ? ಗಂಟೆಗೆ ಐದಾರು ನಾಟಿಕಲ್ ಮೈಲಿ. ಅಂದರೆ ಹತ್ತು ಕಿಲೋಮೀಟರ್ ಆಸುಪಾಸು." ಅಥೆನ್ಸ್‌ನಿಂದ ಸ್ಯಾಂಟೊರಿನಿಗೆ ನೀರಿನ ಮೇಲೆ ಸುಮಾರು 230 ಕಿಲೋಮೀಟರ್. ಸೈಕಲ್ಲಿನ ವೇಗದಲ್ಲಿ 23 ಗಂಟೆ. ಅದೂ ಹೋಗುವಾಗ. ಬರುವಾಗ ಗಾಳಿ ಎದುರಿಗಿರುತ್ತದೆ. ಗಾಳಿ ಎದುರಿಗಿದ್ದರೆ ಹಾಯಿದೋಣಿ ನೇರ ಹೋಗುವುದಿಲ್ಲ, ಹಾವು ಹರಿದ ಹಾಗೆ ಆ ಕಡೆ ಈ ಕಡೆ ಹೊರಳಿ ಹೋಗಬೇಕು. ದಾರಿ ಇನ್ನೂ ಉದ್ದವಾಗುತ್ತದೆ. ಏಜೆನ್ಸಿಯ ಹುಡುಗನಿಗೆ ಬಹುಶಃ ಭೂಪಟವಷ್ಟೇ ಗೊತ್ತಿತ್ತು, ಗಾಳಿ ಗೊತ್ತಿರಲಿಲ್ಲ. ಅವನ ಸಹವಾಸ ಅಲ್ಲಿಗೆ ಬಿಟ್ಟೆವು.

ಆ ಮೇಲೆ ಇವರು ಒಂದು ದೊಡ್ಡ ಮ್ಯಾಪ್ ಪ್ರಿಂಟ್ ಹಾಕಿಸಿ ತಂದು ಊಟದ ಮನೆಯ ಗೋಡೆಗೆ ಅಂಟಿಸಿದರು. ಎಲ್ಲರೂ ಒಂದೊಂದು ಹೇಳಿದೆವು. ಮಗಳಿಗೆ ಸ್ಯಾಂಟೊರಿನಿ. ಅಳಿಯನಿಗೆ ಕ್ರೊಯೇಷಿಯಾ. ನನಗೆ ಟರ್ಕಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಇವರಿಗೆ ಯಾವ ದೇಶವಾದರೂ ಸರಿ, "ಹಾಯಿ ಬಿಚ್ಚಬೇಕು, ಇಂಜಿನ್ ಸದ್ದು ಕೇಳಬಾರದು. ಮಿಲ್ಲಿನ ಸದ್ದು ಇಲ್ಲೇ ಸಾಕಷ್ಟು ಕೇಳಿದ್ದೇನೆ." ಅತ್ತಿಗೆ ಕೇಳಿದ್ದು ಒಂದೇ. "ದೋಣಿಯಿಂದ ಇಳಿಯೋದು ಹೇಗೆ? ಏಣಿನಾ, ಹಲಗೆನಾ?"

ಆಗ ಎಲ್ಲರೂ ನಕ್ಕೆವು. ಆದರೆ ಕೊನೆಗೆ ನಿಂತಿದ್ದು ಆ ಪ್ರಶ್ನೆಯೇ.

ದಿನಾಂಕವನ್ನು ನಾವು ಆರಿಸಲಿಲ್ಲ, ತೋಟವೇ ಆರಿಸಿತು. ಮೇ ತಿಂಗಳಲ್ಲಿ ನೆರಳಿನ ಮರದ ಕೊಂಬೆ ಸವರುವ ಮರಗಸಿ, ಗೊಬ್ಬರ. ಆಗ ಕದಲುವ ಹಾಗಿಲ್ಲ. ಆಗಸ್ಟ್ ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಿದ್ದನ್ನು ನೋಡಿದ ಮೇಲೆ ಆ ತಿಂಗಳಲ್ಲಿ ಮನೆ ಬಿಟ್ಟು ಹೋಗುವ ಧೈರ್ಯ ನಮಗೆ ಬಂದಿಲ್ಲ. ಆ ತಿಂಗಳು ರಾತ್ರಿ ಮಳೆ ಜೋರಾದರೆ ಇವರು ಈಗಲೂ ಟಾರ್ಚ್ ಹಿಡಿದು ಮನೆ ಹಿಂದಿನ ಗುಡ್ಡದ ಬರೆ ನೋಡಿ ಬರುತ್ತಾರೆ. ಅತ್ತ ಮೊಮ್ಮಗಳಿಗೆ ಶಾಲೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಜೂನ್ ತಿಂಗಳಲ್ಲಿ ಪೆಂಟಕೋಸ್ಟ್ ಹಬ್ಬಕ್ಕೆ ಎರಡು ವಾರ ರಜೆಯಂತೆ. ದೋಣಿಗಳನ್ನು ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ ಕೊಡುತ್ತಾರೆ. ಹಾಗೆ ಜೂನ್ 14ರಿಂದ 21 ಎಂದು ಗಟ್ಟಿಯಾಯಿತು. ಜುಲೈ, ಆಗಸ್ಟ್‌ಗಿಂತ ಬಾಡಿಗೆಯೂ ಕಡಿಮೆ.

ಪಟ್ಟಿಯಿಂದ ಸ್ಯಾಂಟೊರಿನಿ ಮೊದಲು ಬಿದ್ದುಹೋಯಿತು. ಫೆಬ್ರವರಿಯಲ್ಲಿ ಅಲ್ಲಿ ಒಂದರ ಮೇಲೊಂದು ಭೂಕಂಪ. ಸಾವಿರಾರು ಜನ ದ್ವೀಪ ಬಿಟ್ಟು ಹೊರಟಿದ್ದು ಟಿವಿಯಲ್ಲಿ ಬಂತು. ಅತ್ತಿಗೆ ಅವತ್ತೇ ಮ್ಯಾಪ್ ಮೇಲೆ ಪೆನ್ಸಿಲ್‌ನಿಂದ ಗೀಟು ಹಾಕಿದರು. ಆದರೆ ನಿಜವಾದ ಅಡ್ಡಿ ಭೂಕಂಪ ಅಲ್ಲ. ಸ್ಯಾಂಟೊರಿನಿ ಎಂದರೆ ಸುಮಾರು 3,600 ವರ್ಷದ ಹಿಂದೆ ಸಿಡಿದು ಕುಸಿದ ಅಗ್ನಿಪರ್ವತದ ಬಾಯಿ. ಫೋಟೋದಲ್ಲಿ ಕಾಣುವ ಆ ನೀಲಿ ನೀರು ಮುನ್ನೂರು ಮೀಟರಿಗೂ ಹೆಚ್ಚು ಆಳ. ಸಣ್ಣ ದೋಣಿಯ ಲಂಗರು ಬಿಟ್ಟರೆ ತಳ ಸಿಗುವುದಿಲ್ಲ. ಎಲ್ಲರೂ ನೋಡಲು ಆಸೆಪಡುವ ಜಾಗ ದೋಣಿ ನಿಲ್ಲಿಸಲು ಕೆಟ್ಟ ಜಾಗ. ಮಗಳಿಗೆ ಸ್ವಲ್ಪ ಬೇಜಾರಾಯಿತು. ಬಿಳಿ ಮನೆ ಮುಂದೆ ಅಮ್ಮನ ಫೋಟೋ ತೆಗೆಯಬೇಕು ಅಂದುಕೊಂಡಿದ್ದಳಂತೆ.

ಆಮೇಲೆ ಗಾಳಿಯ ಮಾತು ಶುರುವಾಯಿತು. ನನಗೆ ಈ ಇಡೀ ಕೆಲಸದಲ್ಲಿ ರುಚಿ ಹತ್ತಿದ್ದು ಇಲ್ಲಿಂದ.

ಸ್ಯಾಂಟೊರಿನಿ, ಮಿಕೊನೋಸ್, ಪಾರೋಸ್, ನಕ್ಸೋಸ್ ಎಲ್ಲ ಇರುವುದು ಏಜಿಯನ್ ಸಮುದ್ರದಲ್ಲಿ, ಗ್ರೀಸಿನ ಪೂರ್ವಕ್ಕೆ. ಅಲ್ಲಿ ಬೇಸಿಗೆಯಲ್ಲಿ ಉತ್ತರದಿಂದ ಒಂದು ಗಾಳಿ ಬೀಸುತ್ತದೆ. ಮೆಲ್ಟೆಮಿ ಎನ್ನುತ್ತಾರೆ. ಹಳೆಯ ಗ್ರೀಕರು ಇದಕ್ಕೆ ವರ್ಷ ವರ್ಷ ಬರುವ ಗಾಳಿ ಎಂಬ ಅರ್ಥದ ಹೆಸರಿಟ್ಟಿದ್ದರು. ಮೋಡ ಇರುವುದಿಲ್ಲ, ಮಳೆ ಇರುವುದಿಲ್ಲ, ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಆದರೆ ಗಾಳಿ ಮಾತ್ರ ಗಂಟೆಗೆ 40ರಿಂದ 60 ಕಿಲೋಮೀಟರ್ ವೇಗದಲ್ಲಿ ದಿನಗಟ್ಟಲೆ ಬೀಸಬಹುದು. ಜುಲೈ, ಆಗಸ್ಟ್‌ನಲ್ಲಿ ಅದರ ಜೋರು. ಜಾಸ್ತಿಯಾದರೆ ದೋಣಿಯನ್ನು ಬಂದರಿನಲ್ಲಿ ಕಟ್ಟಿ ಎರಡು ಮೂರು ದಿನ ಕಾಯಬೇಕು. ಒಂದು ವಾರದ ಬಾಡಿಗೆಯಲ್ಲಿ ಮೂರು ದಿನ ಕಾಯುವುದು ಎಂದರೆ ಏನು?

ಈ ಗಾಳಿಯ ಬಗ್ಗೆ ಒಂದು ಸಂಜೆ ಜಗುಲಿಯಲ್ಲಿ ಮಾತಾಡುತ್ತಿದ್ದಾಗ ಪಕ್ಕದ ತೋಟದ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. "ಅದಕ್ಕೂ ನಮ್ಮ ಮಳೆಗೂ ನೆಂಟಸ್ತಿಕೆ ಇದೆ, ಗೊತ್ತಾ?" ಎಂದರು.

ನಾನು ನಂಬಲಿಲ್ಲ. ಅವರು ಕಾಫಿ ಲೋಟ ಕೆಳಗಿಟ್ಟು ಕೈಯಲ್ಲೇ ಏತ ಎತ್ತಿ ಇಳಿಸಿ ತೋರಿಸಿದರು. ಬೇಸಿಗೆಯಲ್ಲಿ ಏಷ್ಯಾದ ನೆಲ ಕಾಯುತ್ತದೆ. ಒತ್ತಡ ಇಳಿಯುತ್ತದೆ. ಆ ಕಡಿಮೆ ಒತ್ತಡ ನಮ್ಮ ಉತ್ತರ ಭಾರತ, ಪಾಕಿಸ್ತಾನದಿಂದ ಇರಾನ್ ದಾಟಿ ಟರ್ಕಿಯ ತನಕ ಚಾಚಿಕೊಳ್ಳುತ್ತದೆ. ಅತ್ತ ಬಾಲ್ಕನ್ ದೇಶಗಳ ಮೇಲೆ ಒತ್ತಡ ಹೆಚ್ಚು. ಎರಡರ ನಡುವೆ ಸಿಕ್ಕಿದ ಏಜಿಯನ್ ಸಮುದ್ರದ ಮೇಲೆ ಗಾಳಿ ಉತ್ತರದಿಂದ ನುಗ್ಗುತ್ತದೆ. ಅಷ್ಟೇ ಅಲ್ಲ. ಇಲ್ಲಿ ಮುಂಗಾರಿನಲ್ಲಿ ಮೇಲೇರಿದ ಗಾಳಿ ಅಲ್ಲಿ, ಮೆಡಿಟರೇನಿಯನ್‌ನ ಪೂರ್ವ ಭಾಗದಲ್ಲಿ, ಕೆಳಗಿಳಿಯಲು ಕಾರಣವಾಗುತ್ತದೆ. ಇಳಿಯುವ ಗಾಳಿ ಒಣಗುತ್ತದೆ. ಮೋಡ ಕಟ್ಟಲು ಬಿಡುವುದಿಲ್ಲ. "ಏತ ಇದ್ದ ಹಾಗೆ. ಈ ತುದಿ ಎದ್ದರೆ ಆ ತುದಿ ಇಳೀತು. ಇಲ್ಲಿ ನಿಮ್ಮ ಅಂಗಳದಲ್ಲಿ ಪಾಚಿ, ಅಲ್ಲಿ ಅವರ ಅಂಗಳದಲ್ಲಿ ಧೂಳು."

ನಮ್ಮ ಮನೆಯಲ್ಲಿ ಒಂದು ಮಳೆ ಪುಸ್ತಕ ಇದೆ. ಮಾವನವರು 1974ರಲ್ಲಿ ಶುರು ಮಾಡಿದ್ದು. ಈಗ ಇವರು ಬರೆಯುತ್ತಾರೆ. ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಳದ ರೈನ್‌ಗೇಜ್ ಅಳೆದು ಇಷ್ಟು ಇಂಚು, ಇಷ್ಟು ಸೆಂಟು ಎಂದು ಬರೆಯುವುದು. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು. ಕೊಡಗಿನ ಯಾವ ತೋಟಕ್ಕೆ ಹೋದರೂ ಮೊದಲ ಮಾತು ಅದೇ ಅಲ್ವಾ, "ನಿಮ್ಮಲ್ಲಿ ಎಷ್ಟಾಯ್ತು?" ಮೇಷ್ಟ್ರು ಹೋದ ಮೇಲೆ ಇವರು ಆ ಪುಸ್ತಕ ತೆಗೆದರು. ಜೂನ್ ಮಧ್ಯದ ಪುಟಗಳನ್ನು ವರ್ಷ ವರ್ಷ ತಿರುವಿದರು. ಕೆಲವು ವರ್ಷ ಆ ವಾರ ಎಂಟು ಇಂಚು. ಕೆಲವು ವರ್ಷ ಹತ್ತಿಪ್ಪತ್ತು ಸೆಂಟು ಅಷ್ಟೆ. "ಮುಂಗಾರಿಗೇ ಕ್ಯಾಲೆಂಡರ್ ಇಲ್ಲ. ಅದರ ನೆಂಟ ಮೆಲ್ಟೆಮಿ ಜೂನ್‌ನಲ್ಲಿ ಬರೋದಿಲ್ಲ ಅಂತ ಯಾರು ಬರೆದುಕೊಡ್ತಾರೆ?" ಎಂದರು. ಏಜಿಯನ್ ಅಲ್ಲಿಗೆ ಬಿಟ್ಟೆವು. ನಮ್ಮ ತೀರ್ಮಾನ ಸ್ವಲ್ಪ ಅತಿಯಾಯಿತು, ಜೂನ್‌ನಲ್ಲಿ ಅಲ್ಲಿ ಅಷ್ಟೇನೂ ಕಷ್ಟ ಇರುವುದಿಲ್ಲ ಎಂದು ಅಳಿಯ ಈಗಲೂ ಹೇಳುತ್ತಾರೆ. ಇರಬಹುದು.

ಮೇಷ್ಟ್ರು ಇನ್ನೊಂದನ್ನೂ ಹೇಳಿದ್ದರು. ಎರಡು ಸಾವಿರ ವರ್ಷದ ಹಿಂದೆ ಆ ಕಡಲಿನವರು ಈಜಿಪ್ಟಿನಿಂದ ಹಡಗು ಬಿಟ್ಟು, ಮುಂಗಾರು ಗಾಳಿ ಹಿಡಿದು ನಮ್ಮ ಪಶ್ಚಿಮ ಕರಾವಳಿಯ ಮುಜಿರಿಸ್ ಬಂದರಿಗೆ ಬರುತ್ತಿದ್ದರು. ಮುಖ್ಯವಾಗಿ ಕರಿಮೆಣಸಿಗೆ. ಇವರಿಗೆ ಅದು ಎಷ್ಟು ಹಿಡಿಸಿತೆಂದರೆ ಬಂದವರಿಗೆಲ್ಲ ಹೇಳಿದರು. "ಅವರು ಮೆಣಸಿಗಾಗಿ ಬಂದರು. ನಾವು ಮೆಣಸು ಮಾರಿದ ದುಡ್ಡಲ್ಲಿ ಹೋಗ್ತಿದ್ದೇವೆ."

ಈಗ ನನ್ನ ಟರ್ಕಿ. ಅಲ್ಲಿ ಗುಲೆಟ್ ಎಂಬ ಮರದ ದೋಣಿಗಳಿವೆ. ಎರಡು ಕೂವೆಮರ, ಅಗಲವಾದ ಹಿಂಭಾಗ, ಅಲ್ಲೇ ದೊಡ್ಡ ಊಟದ ಮೇಜು. ಬೋಡ್ರಮ್, ಮಾರ್ಮರಿಸ್, ಫೆಥಿಯೆಯಿಂದ ಹೊರಡುತ್ತವೆ. ನೀಲಿ ಯಾತ್ರೆ ಎನ್ನುತ್ತಾರೆ. ದೋಣಿ ನಡೆಸುವವರ ಜತೆ ಅಡುಗೆಯವರೂ ಇರುತ್ತಾರೆ. ಇಡೀ ದೋಣಿ ಬೇಡವಾದರೆ ಒಂದು ಕೋಣೆ ಮಾತ್ರ ತೆಗೆದುಕೊಳ್ಳಬಹುದು. 35 ವರ್ಷದ ಮೇಲೆ ಒಂದು ವಾರ ನಾನು ಒಲೆ ಮುಂದೆ ನಿಲ್ಲಬಾರದು ಎಂಬುದು ನನ್ನ ಆಸೆ. ತಪ್ಪಾ? ಆದರೆ ಗುಲೆಟ್‌ಗಳು ಹಾಯಿ ಇದ್ದರೂ ಹೆಚ್ಚಾಗಿ ಇಂಜಿನ್ನಿನಲ್ಲೇ ಓಡುತ್ತವೆ. ಇವರ ಮುಖ ಬಿತ್ತು. ಜತೆಗೆ ವೀಸಾ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪಿಗೆ ಷೆಂಗೆನ್ ಎನ್ನುತ್ತಾರೆ. ಟರ್ಕಿ ಅದರೊಳಗಿಲ್ಲ, ಬೇರೆ ವೀಸಾ ಬೇಕು. ಕೈಯಲ್ಲಿ ಷೆಂಗೆನ್ ವೀಸಾ ಇದ್ದರೆ ಆನ್‌ಲೈನ್‌ನಲ್ಲಿ ಸಿಗುತ್ತದೆ ಎನ್ನುತ್ತಾರೆ. ಆದರೆ ಜರ್ಮನಿಯಿಂದ ಅಲ್ಲಿಗೆ ಹೋದರೆ ಷೆಂಗೆನ್‌ನಿಂದ ಹೊರಗೆ ಹೋದ ಹಾಗೆ. ಮತ್ತೆ ಮಗಳ ಮನೆಗೆ ಬರಲು ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸುವ ವೀಸಾ ಸಿಕ್ಕಿರಬೇಕು. ಸಿಗದಿದ್ದರೆ? ಆಸೆಯನ್ನು ಮಡಚಿ ಇಟ್ಟೆ. ಅಡುಗೆ ವಿಷಯ ಮಾತ್ರ ಬಿಡಲಿಲ್ಲ. ಎಲ್ಲಿಗೆ ಹೋದರೂ ರಾತ್ರಿ ಊಟ ಹೊರಗೆ ಎಂದು ಎಲ್ಲರಿಂದ ಮಾತು ತೆಗೆದುಕೊಂಡೆ.

ಇಟಲಿ, ಸ್ಪೇನ್ ಬಗ್ಗೆ ಜಾಸ್ತಿ ಚರ್ಚೆ ಆಗಲಿಲ್ಲ. ಸಾರ್ಡೀನಿಯಾ, ಕಾರ್ಸಿಕಾ ನಡುವಿನ ಬೊನಿಫಾಚಿಯೊ ಜಲಸಂಧಿಯಲ್ಲಿ ಗಾಳಿ ಕಿರಿದಾದ ಜಾಗದಲ್ಲಿ ನುಗ್ಗಿ ಜೋರಾಗುತ್ತದೆ ಎಂದು ಗೊತ್ತಾದ ಮೇಲೆ ಆ ಕಡೆ ಯಾರೂ ನೋಡಲಿಲ್ಲ.

ಮಾರ್ಚ್ ಮೊದಲಲ್ಲಿ, ಕಾಫಿ ಹೂ ಅರಳಿಸುವ ಹೂ ಮಳೆಗೆ ಮುಂಚೆ, ಒಂದು ಪರೀಕ್ಷೆ ಮಾಡಿದೆವು. ಐಡಿಯಾ ನನ್ನದೇ. ಯಾರಿಗೆ ಕಡಲು ಆಗಿಬರುತ್ತದೆ ಎಂದು ತಿಳಿಯದೆ ಲಕ್ಷಗಟ್ಟಲೆ ಹಾಕುವುದು ಹೇಗೆ? ಸಂಪಾಜೆ ಘಾಟಿ ಇಳಿದು ಮಂಗಳೂರು, ಉಡುಪಿ ದಾಟಿ ಮಲ್ಪೆಗೆ ಹೋದೆವು. ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್. ಮಳೆಗಾಲದಲ್ಲಿ ನಿಲ್ಲಿಸುತ್ತಾರೆ, ಮಾರ್ಚ್‌ನಲ್ಲಿ ಓಡುತ್ತದೆ. ಅತ್ತಿಗೆ ಕಷ್ಟ ಪಡುತ್ತಾರೆ ಎಂದು ನಾನು ಶುಂಠಿ, ನಿಂಬೆಹಣ್ಣು, ಪ್ಲಾಸ್ಟಿಕ್ ಕವರ್ ಎಲ್ಲ ಇಟ್ಟುಕೊಂಡಿದ್ದೆ.

ಬೋಟ್ ಧಕ್ಕೆ ಬಿಟ್ಟು ಹೊರಕ್ಕೆ ಬಂತು. ಅಲೆ ಅಂಥ ದೊಡ್ಡದೇನಲ್ಲ. ನಾನು ಅತ್ತಿಗೆಯ ಫೋಟೋ ತೆಗೆಯಲು ಫೋನ್ ನೋಡುತ್ತಿದ್ದೆ. ಹತ್ತು ನಿಮಿಷದಲ್ಲಿ ನನ್ನ ಹೊಟ್ಟೆ ತೊಳಸಿತು. ಕವರ್ ನನಗೇ ಬೇಕಾಯಿತು. ಅತ್ತಿಗೆ ಕಾಲು ಚಾಚಿ ಕೂತು ಕಡಲೆಕಾಯಿ ತಿನ್ನುತ್ತಿದ್ದರು. "ಫೋನ್ ಒಳಗಿಡು, ದೂರ ನೋಡು" ಎಂದರು. ದೂರದ ಗೆರೆ ನೋಡಿದ ಮೇಲೆ ಸ್ವಲ್ಪ ಪರವಾಗಿಲ್ಲ ಅನ್ನಿಸಿತು. ದ್ವೀಪದಲ್ಲಿ ಲಾವಾ ತಣ್ಣಗಾಗಿ ಆದ ಕಲ್ಲಿನ ಕಂಬಗಳ ಮೇಲೆ ಅರ್ಧ ಗಂಟೆ ತಲೆ ಹಿಡಿದು ಕೂತೆ. ಜನ ಅದೇ ಕಂಬಗಳ ಮುಂದೆ ನಿಂತು ಸೆಲ್ಫಿ ತೆಗೆಯುತ್ತಿದ್ದರು.

ಆದರೆ ಇಳಿಯುವಾಗ ಅತ್ತಿಗೆಯ ಕಥೆ ಬೇರೆ. ಬೋಟ್ ಏಳುತ್ತದೆ, ಇಳಿಯುತ್ತದೆ, ಮೆಟ್ಟಿಲು ನಿಂತಲ್ಲೇ ಇದೆ. ಅವರ ಮಂಡಿ ಆ ಲೆಕ್ಕಕ್ಕೆ ಒಗ್ಗಲಿಲ್ಲ. ಇಬ್ಬರು ಹುಡುಗರು ಕೈ ಹಿಡಿದು ಇಳಿಸಿದರು.

ಹೀಗೆ ಮಲ್ಪೆಯಿಂದ ಎರಡು ಷರತ್ತು ತಂದೆವು. ನನಗಾಗಿ, ಒಮ್ಮೆಗೆ ಎರಡು ಮೂರು ಗಂಟೆಗಿಂತ ಜಾಸ್ತಿ ದಾರಿ ಬೇಡ, ದೊಡ್ಡ ಅಲೆ ಬೇಡ. ಅತ್ತಿಗೆಗಾಗಿ, ಇಳಿಯುವ ಜಾಗ ಸಮ ಇರಬೇಕು. ಇದನ್ನು ಕೇಳಿದ ಮೇಲೆ ಅಳಿಯ ಒಂದೇ ದೋಣಿ ಹೇಳಿದರು. ಕ್ಯಾಟಮರಾನ್. ಎರಡು ಒಡಲು, ನಡುವೆ ಸಮತಟ್ಟು. ಒಂದೇ ಒಡಲಿನ ಹಾಯಿದೋಣಿ ಗಾಳಿಗೆ ಒಂದು ಬದಿಗೆ ವಾಲಿಕೊಂಡೇ ಹೋಗುತ್ತದೆ, ಇದು ಅಷ್ಟು ವಾಲುವುದಿಲ್ಲ. ಹಿಂದೆ ಅಗಲವಾದ ಮೆಟ್ಟಿಲು. ಕ್ಯಾಟಮರಾನ್ ಎಂಬ ಹೆಸರು ಕಟ್ಟುಮರ ಎಂಬ ತಮಿಳು ಮಾತಿನಿಂದ ಹೋದದ್ದು ಎಂದು ಮೇಷ್ಟ್ರು ಹೇಳಿದರು. "ನಮ್ಮ ಕಡೆಯದ್ದೇ ಅಂದಮೇಲೆ ಅದೇ ಇರಲಿ ಬಿಡಿ" ಎಂದು ಅತ್ತಿಗೆ ಒಪ್ಪಿಗೆ ಕೊಟ್ಟರು.

ಮೆಡಿಟರೇನಿಯನ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಉಬ್ಬರವಿಳಿತ ಬಹಳ ಕಡಿಮೆ. ಹಾಗಾಗಿ ಮುಂದಿನಿಂದ ಲಂಗರು ಬಿಟ್ಟು, ಹಿಂಭಾಗವನ್ನು ಧಕ್ಕೆಗೆ ತಂದು ಕಟ್ಟುತ್ತಾರೆ. ನಡುವೆ ಒಂದು ಹಲಗೆ ಹಾಕುತ್ತಾರೆ. "ಹಲಗೆನಾ?" ಎಂದು ಅತ್ತಿಗೆ ಮತ್ತೆ ಕೇಳಿದರು. ಹಲಗೆಯೇ. ತೋಟದಲ್ಲಿ ತೋಡು ದಾಟುವ ಅಡಿಕೆ ಮರದ ಪಾಲಕ್ಕಿಂತ ಅಗಲ ಎಂದು ಅಳಿಯ ವಿಡಿಯೋ ಕಳಿಸಿ ತೋರಿಸಿದರು.

ಉಳಿದದ್ದು ಎರಡು. ಕ್ರೊಯೇಷಿಯಾ ಮತ್ತು ಗ್ರೀಸಿನ ಪಶ್ಚಿಮದ ಅಯೋನಿಯನ್ ದ್ವೀಪಗಳು.

ಕ್ರೊಯೇಷಿಯಾವನ್ನು ಕಡೆಗಣಿಸಿದೆವು ಎಂದು ಹೇಳಲಾರೆ. ಸಾವಿರಕ್ಕೂ ಹೆಚ್ಚು ದ್ವೀಪ, ಬಂಡೆಕಲ್ಲು, ಗಾಜಿನಂಥ ನೀರು. ಸ್ಪ್ಲಿಟ್‌ನಿಂದ ಹೊರಟು ಬ್ರಾಚ್, ಹ್ವಾರ್, ವಿಸ್. ವಿಸ್ ದ್ವೀಪ ಯುಗೊಸ್ಲಾವಿಯಾದ ಸೇನಾ ನೆಲೆಯಾಗಿತ್ತು, 1989ರ ತನಕ ವಿದೇಶಿಯರಿಗೆ ಪ್ರವೇಶವೇ ಇರಲಿಲ್ಲ. ಹಾಗಾಗಿ ಇನ್ನೂ ಹಳೆಯ ಹಳ್ಳಿಯ ಹಾಗೇ ಉಳಿದಿದೆಯಂತೆ. 2023ರ ಜನವರಿ 1ರಿಂದ ಕ್ರೊಯೇಷಿಯಾ ಷೆಂಗೆನ್‌ಗೂ ಸೇರಿದೆ, ಯೂರೋ ಕೂಡ ಬಂದಿದೆ. ಮ್ಯೂನಿಕ್‌ನಿಂದ ಕಾರಿನಲ್ಲೇ ಹೋಗಬಹುದು. ಬೆಟ್ಟದಿಂದ ಇದ್ದಕ್ಕಿದ್ದ ಹಾಗೆ ಇಳಿಯುವ ಬುರಾ ಎಂಬ ಗಾಳಿ ಇದೆ, ಆದರೆ ಅದರ ಆರ್ಭಟ ಚಳಿಗಾಲದಲ್ಲಿ. ಗಾಳಿಯ ಲೆಕ್ಕದಲ್ಲಿ ಕ್ರೊಯೇಷಿಯಾ ಪಾಸ್. ಸೋತಿದ್ದು ದುಡ್ಡಿನಲ್ಲಿ. ಅದೇ ಅಳತೆಯ ದೋಣಿಗೆ ನಮಗೆ ಬಂದ ರೇಟು ಸುಮಾರು 900 ಯೂರೋ ಜಾಸ್ತಿ. ಅದರ ಮೇಲೆ ರಾತ್ರಿ ದೋಣಿ ಕಟ್ಟಲು ಮರೀನಾ ಬಾಡಿಗೆ. ಕ್ಯಾಟಮರಾನ್ ಅಗಲ ಅಲ್ವಾ, ಅದಕ್ಕೆ ಇನ್ನೂ ಜಾಸ್ತಿ.

ಅಯೋನಿಯನ್ ಕಡೆ ಊರಿನ ಧಕ್ಕೆಗಳಲ್ಲಿ ಬಾಡಿಗೆ ಕಡಿಮೆ. ಕೆಲವು ಕಡೆ ಹೋಟೆಲಿನವರೇ ಸಣ್ಣ ಧಕ್ಕೆ ಕಟ್ಟಿಸಿರುತ್ತಾರೆ. ಅವರಲ್ಲಿ ಊಟ ಮಾಡಿದರೆ ದೋಣಿ ಕಟ್ಟಲು ದುಡ್ಡಿಲ್ಲ. ಇದನ್ನು ಕೇಳಿದ ಕೂಡಲೇ ನನ್ನ ವೋಟು ಅದಕ್ಕೆ. ರಾತ್ರಿ ಊಟ ಹೊರಗೆ ಎಂದು ಮಾತಾಗಿತ್ತಲ್ಲ!

ಗಾಳಿಯೂ ನಮಗೆ ಹೇಳಿ ಮಾಡಿಸಿದ್ದು. ಅಲ್ಲಿ ಮೈಸ್ಟ್ರೋ ಎಂಬ ವಾಯವ್ಯದ ಗಾಳಿ. ಬೆಳಿಗ್ಗೆ ನೀರು ಎಣ್ಣೆ ಹಚ್ಚಿದ ಹಾಗೆ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಸೂರ್ಯ ಮುಳುಗುವ ಹೊತ್ತಿಗೆ ಮಲಗುತ್ತದೆ. ಇವರಿಗೆ ಎರಡು ಮೂರು ಗಂಟೆ ಹಾಯಿ, ನನಗೆ ಬೆಳಿಗ್ಗೆ ಪೂರ್ತಿ ನೆಮ್ಮದಿ. ಚಳಿಗಾಲದಲ್ಲಿ ಚೆನ್ನಾಗಿ ಮಳೆ ಬರುವುದರಿಂದ ಈ ದ್ವೀಪಗಳು ಬೋಳಾಗಿಲ್ಲ, ಹಸಿರಾಗಿವೆ. ಇವುಗಳಲ್ಲಿ ಒಂದಾದ ಕಾರ್ಫುವಿಗೆ ವರ್ಷಕ್ಕೆ ಸುಮಾರು 40 ಇಂಚು. ಗ್ರೀಸಿನಲ್ಲಿ ಅದು ದೊಡ್ಡ ಮಳೆ. ಇವರು ಮಾತ್ರ, "ನಮ್ಮಲ್ಲಿ ಜುಲೈ ಒಂದೇ ತಿಂಗಳು ಸಾಕು ಅದಕ್ಕೆ" ಎಂದರು.

ಕಾರ್ಫುವೋ ಅದೇ ಸಾಲಿನ ಲೆಫ್ಕಾಡ ದ್ವೀಪವೋ ಎಂದು ಇನ್ನೆರಡು ದಿನ ಎಳೆದಾಡಿದೆವು. ಕಾರ್ಫುವಿನಿಂದ ದಕ್ಷಿಣಕ್ಕೆ ಹೋದರೆ ಹಾದಿ ಉದ್ದ. ಎದುರಿಗೆ ಕೆಲವೇ ಕಿಲೋಮೀಟರ್ ದೂರದಲ್ಲಿ ಅಲ್ಬೇನಿಯಾ, ಅದು ಷೆಂಗೆನ್ ಅಲ್ಲ, ಮತ್ತೆ ಅದೇ ವೀಸಾ ರಗಳೆ. ಲೆಫ್ಕಾಡದ ಪೂರ್ವಕ್ಕಾದರೆ ಮೆಗಾನಿಸಿ, ಕಲಾಮೋಸ್, ಕಾಸ್ಟೋಸ್, ದಕ್ಷಿಣಕ್ಕೆ ಇಥಾಕ, ಕೆಫಲೋನಿಯಾ. ದ್ವೀಪಗಳೇ ಬೇಲಿ ಹಾಕಿದ ಹಾಗೆ ನಿಂತಿವೆ. ಹೊರಗಿನ ಅಲೆ ಒಳಗೆ ಬರುವುದು ಕಡಿಮೆ. ಲೆಫ್ಕಾಡಕ್ಕೆ ಸೇತುವೆ ಇದೆ, ವಿಮಾನ ಇಳಿದು ಕಾರಿನಲ್ಲೇ ಹೋಗಬಹುದು. ಅತ್ತಿಗೆಗೆ ಒಂದು ಹತ್ತಿ ಇಳಿಯುವುದು ತಪ್ಪಿತು. ಒಂದು ಊರಿನಿಂದ ಇನ್ನೊಂದಕ್ಕೆ ಹೆಚ್ಚು ಕಡಿಮೆ 10 ನಾಟಿಕಲ್ ಮೈಲಿ. ಎರಡು ಗಂಟೆ.

ದಾರಿಯನ್ನು ಅಳಿಯ ಬರೆದರು. ಲೆಫ್ಕಾಡ, ಮೆಗಾನಿಸಿ, ಇಥಾಕದ ಕಿಯೋನಿ, ಕೆಫಲೋನಿಯಾದ ಫಿಸ್ಕಾರ್ಡೊ, ಸಿವೋಟ, ವಾಪಸ್. ಶುಕ್ರವಾರ ಸಂಜೆಯೇ ಮರೀನಾ ಸೇರಬೇಕು. 1953ರ ಆಗಸ್ಟ್‌ನ ಭೂಕಂಪದಲ್ಲಿ ಕೆಫಲೋನಿಯಾದ ಊರುಗಳು ನೆಲಸಮವಾದವು, ಫಿಸ್ಕಾರ್ಡೊ ಉಳಿಯಿತು ಎಂದು ಹೇಳಿದಾಗ ಅತ್ತಿಗೆ ಕನ್ನಡಕ ಸರಿಮಾಡಿಕೊಂಡರು. "ಇಲ್ಲೂ ಭೂಕಂಪನಾ?" ಆ ಊರು ಉಳಿದಿದೆಯಲ್ಲ ಎಂದು ಸಮಾಧಾನ ಮಾಡಿದೆವು. ಇಥಾಕದ ಕಥೆ ಮಾತ್ರ ಅವರಿಗೆ ಇಷ್ಟವಾಯಿತು. ಗ್ರೀಕ್ ಪುರಾಣದ ರಾಜ ಒಡಿಸ್ಸಿಯಸ್‌ನ ಊರು. ಯುದ್ಧ ಮುಗಿಸಿ ಮನೆ ಸೇರಲು ಹತ್ತು ವರ್ಷ ಕಡಲಲ್ಲಿ ಅಲೆದವನು. ಗಾಳಿಗಳನ್ನೆಲ್ಲ ಚೀಲದಲ್ಲಿ ಕಟ್ಟಿಸಿಕೊಂಡು ಹೊರಟಿದ್ದ. ಊರು ಕಣ್ಣಿಗೆ ಕಾಣುವಾಗ ಜತೆಯವರು ಚೀಲ ಬಿಚ್ಚಿಬಿಟ್ಟರು. "ಚೀಲವನ್ನು ತಾನೇ ತಲೆದಿಂಬು ಮಾಡಿಕೊಂಡು ಮಲಗಬೇಕಿತ್ತು" ಎಂದರು ಅತ್ತಿಗೆ. ಕಾಫಿ ಮೂಟೆ ಕಾದವರಿಗೆ ಗೊತ್ತು.

ದೋಣಿ ಬಾಡಿಗೆ 5,400 ಯೂರೋ. ಅಳಿಯನಿಗೆ ಕಡಲಿನ ಲೈಸೆನ್ಸ್ ಇಲ್ಲ, ಹಾಗಾಗಿ ಸ್ಕಿಪ್ಪರ್, ಅಂದರೆ ದೋಣಿ ನಡೆಸುವವನು ಬೇಕು, ದಿನಕ್ಕೆ 200. ಕ್ಲೀನಿಂಗ್, ಗ್ಯಾಸ್, ಹಾಸಿಗೆ ಬಟ್ಟೆ ಎಂದು ಬೇರೆ ಬಿಲ್ಲು. ಡೆಪಾಸಿಟ್ ಬೇರೆ. ಅರ್ಧ ನಮ್ಮದು, ಅರ್ಧ ಮಕ್ಕಳದು. ನಾಲ್ಕು ಕೋಣೆಯಲ್ಲಿ ಒಂದು ಸ್ಕಿಪ್ಪರ್‌ಗೆ ಹೋಗುತ್ತದೆ, ಅವನ ಊಟವೂ ನಮ್ಮದೇ. ಪರಿಚಯ ಇಲ್ಲದ ಗಂಡಸು ಅದೇ ದೋಣಿಯಲ್ಲಿ ಮಲಗುತ್ತಾನೆ ಎಂದು ಅತ್ತಿಗೆ ಮೊದಲು ಮುಖ ಗಂಟಿಕ್ಕಿದರು. ಊಟ ನಾವೇ ಹಾಕಬೇಕು ಎಂದಾಗ, "ಹಾಕಬೇಕಾದ್ದೇ, ಕೆಲಸಕ್ಕೆ ಬಂದವರಲ್ವಾ" ಎಂದು ಸರಿಹೋದರು.

ವೀಸಾಕ್ಕೆ ಎಷ್ಟು ದಿನ ಎಲ್ಲಿರುತ್ತೀರಿ ಎಂಬುದೇ ಮುಖ್ಯ. ಮ್ಯೂನಿಕ್‌ನಲ್ಲಿ ಹನ್ನೆರಡು ದಿನ, ಗ್ರೀಸಿನಲ್ಲಿ ಎಂಟು. ಹಾಗಾಗಿ ಅರ್ಜಿ ಜರ್ಮನಿಗೆ. ತಲೆಗೆ 90 ಯೂರೋ ಶುಲ್ಕ, 30,000 ಯೂರೋಗೆ ಕಡಿಮೆಯಿಲ್ಲದ ವಿಮೆ. ಕಷ್ಟವಾಗಿದ್ದು ಆದಾಯ ತೋರಿಸುವುದು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಮ್ಮಲ್ಲಿ ಐಟಿ ರಿಟರ್ನ್ಸ್ ಇಲ್ಲ. ಪಹಣಿಯನ್ನು ಇಂಗ್ಲಿಷಿಗೆ ಮಾಡಿಸಿ, ಕಾಫಿ ಮಾರಿದ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಸೇರಿಸಿ ಫೈಲ್ ಮಾಡಿದೆವು. ಬೆಂಗಳೂರಿನ ಕೌಂಟರ್‌ನಲ್ಲಿದ್ದ ಹುಡುಗಿ ಪಹಣಿಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದಳು. "ಇದು ಏನು ಸರ್?" ಇವರು ಹತ್ತು ನಿಮಿಷ ವಿವರಿಸಿದರು. ಅವಳು ಕೇಳಿದ್ದು ಒಂದು ನಿಮಿಷದ್ದು. ಮೇ ಎರಡನೇ ವಾರ ಮೂವರಿಗೂ ವೀಸಾ ಬಂತು. ಒಂದೇ ಸಲ ಪ್ರವೇಶಿಸುವ ವೀಸಾ. ಟರ್ಕಿ ಬಿಟ್ಟಿದ್ದು ಒಳ್ಳೆಯದೇ ಆಯಿತು ಎಂದು ಇವರು ನನ್ನ ಕಡೆ ನೋಡಿದರು. ನಾನು ಏನೂ ಹೇಳಲಿಲ್ಲ.

ಆ ವರ್ಷ ಮುಂಗಾರು ಬೇಗ ಬಂತು. ಮೇ 24ಕ್ಕೇ ಕೇರಳ ಮುಟ್ಟಿತು. ನಮ್ಮಲ್ಲಿ ಮರಗಸಿ ಅರ್ಧಕ್ಕೆ ನಿಂತಿತು. ಹೋಗುವುದೋ ಬೇಡವೋ ಎಂದು ಒಂದು ರಾತ್ರಿ ಇವರು ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರನ್ನು ಕರೆದು ಕೆಲಸ ಹಂಚಿದರು.

ಹೊರಡುವ ಹಿಂದಿನ ದಿನ ಮಳೆ ಪುಸ್ತಕ ರೈಟರ ಕೈಗೆ ಕೊಟ್ಟರು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅಳೆಯಬೇಕು, ಮಧ್ಯಾಹ್ನ ಅಳೆದು ಬೆಳಗಿನದು ಅಂತ ಬರೆಯಬಾರದು ಎಂದು ಮೂರು ಸಲ ಹೇಳಿದರು. ಜೂನ್ ಪುಟದಲ್ಲಿ 14ರಿಂದ 21ರ ತನಕ ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆದಿದ್ದರು. ಒಂದು ಕಡೆ ಮನೆ, ಇನ್ನೊಂದು ಕಡೆ ಲೆಫ್ಕಾಡ. ವಾಪಸ್ ಬಂದ ಮೇಲೆ ತುಂಬುತ್ತೇನೆ ಎಂದರು.

ರೈಟರು ಆ ಖಾಲಿ ಸಾಲನ್ನು ನೋಡಿದರು. "ಅಲ್ಲಿ ಮಳೆ ಬರಲ್ಲ ಅಂದ್ರಲ್ಲ ಅಣ್ಣ. ಸೊನ್ನೆ ಬರೆಯೋಕೆ ಅಷ್ಟು ದೂರ ಹೋಗ್ತಿದ್ದೀರಾ?"